ಸ್ಪೀಕರ್ ಏಕೆ ಮಂಕಾಯಿತು? ಹತ್ತನೆಯ ತರಗತಿಯಲ್ಲಿ ಒಂದು ದೋಷಶೋಧನೆ

ಈ ಸಲದ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಆ ಪಾಠದಲ್ಲಿ ಫ್ಲೆಮಿಂಗನ ಎಡಗೈ ನಿಯಮ ಮುಗಿದ ಕೂಡಲೇ, ಪ್ರವಾಹ ಹರಿಯುವ ವಾಹಕವನ್ನೂ ಕಾಂತಕ್ಷೇತ್ರವನ್ನೂ ಬಳಸುವ ಸಾಧನಗಳ ಸಾಲಿನಲ್ಲಿ ಧ್ವನಿವರ್ಧಕದ ಹೆಸರೂ ಬರುತ್ತದೆ. ಬಂದು ಹಾಗೆಯೇ ಹೋಗಿಬಿಡುತ್ತದೆ. ಮಕ್ಕಳು ಅದನ್ನು ಒಂದು ಅಂಕದ ಉತ್ತರವಾಗಿ ಬಾಯಿಪಾಠ ಮಾಡುತ್ತಾರೆ.

ಶಾಲೆಯ ಹಳೆಯ ಸಾಮಾನಿನ ಕೋಣೆಯಲ್ಲಿ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳಿದ್ದವು. ಹಿಂದೆ ಯಾರೋ ಹಳೆಯ ವಿದ್ಯಾರ್ಥಿ ಕೊಟ್ಟವು. ಏಳೆಂಟು ಮಳೆಗಾಲ ಅಲ್ಲೇ ಕಳೆದಿದ್ದವು. 'ಧ್ವನಿ ಸರಿಯಿಲ್ಲ' ಎಂಬ ಕಾರಣಕ್ಕೆ ವಿಲೇವಾರಿ ಪಟ್ಟಿಯಲ್ಲಿ ಅವುಗಳ ಹೆಸರಿತ್ತು. ಇತ್ತ ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರು ಮೊಬೈಲಿನಿಂದ ಪದ್ಯ, ಸಂಭಾಷಣೆ ಕೇಳಿಸಬೇಕಾದರೆ ಹಿಂದಿನ ಬೆಂಚಿನವರಿಗೆ ಏನೂ ಕೇಳುತ್ತಿರಲಿಲ್ಲ. ಹೊಸದು ಕೊಳ್ಳಲು ಆ ವರ್ಷ ಹಣವಿರಲಿಲ್ಲ. ಪಟ್ಟಿ ಮೇಲಕ್ಕೆ ಹೋಗುವ ಮೊದಲು ಎರಡು ವಾರ ಸಮಯ ಕೊಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. ಎರಡು ಪೀರಿಯಡ್ ಮತ್ತು ಶಾಲೆ ಬಿಟ್ಟ ಮೇಲಿನ ಮೂರು ಸಂಜೆಗಳಲ್ಲಿ ಮಕ್ಕಳೊಂದಿಗೆ ನಾವು ನಡೆಸಿದ ಹುಡುಕಾಟದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ದೀರ್ಘಕಾಲ ಮೂಲೆಯಲ್ಲಿದ್ದ ಸ್ಪೀಕರ್ ಮಂಕಾಗಲು ಕಾರಣಗಳು ಹೆಚ್ಚಿಲ್ಲ. ಕ್ರಮ ಗೊತ್ತಿದ್ದರೆ ಯಾವ ಶಾಲೆಯಲ್ಲೂ ಇದನ್ನು ಮಾಡಬಹುದು.

ಮೊದಲು ಕೇಳಬೇಕು, ಆಮೇಲೆ ಬಿಚ್ಚಬೇಕು

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ 'ಧ್ವನಿ ಸರಿಯಿಲ್ಲ' ಎಂದರೇನು ಎಂಬುದನ್ನು ಮಕ್ಕಳ ಮಾತಿನಲ್ಲೇ ಹೇಳಿಸಿದೆ. ವಾರ್ತೆಯ ಒಂದು ತುಣುಕು ಹಾಕಿ ಕೇಳಿಸಿದಾಗ ಒಬ್ಬ ಹುಡುಗ, "ಮಿಸ್, ಕಂಬಳಿ ಹೊದ್ಕಂಡು ಮಾತಾಡ್ದಂಗೆ ಕೇಳ್ತದೆ" ಎಂದ. ಇದಕ್ಕಿಂತ ನಿಖರವಾದ ವಿವರಣೆ ನನ್ನಲ್ಲಿರಲಿಲ್ಲ. ಧ್ವನಿ ಸಣ್ಣದಾಗಿಲ್ಲ, ಒಡೆದಿಲ್ಲ, ಕರಕರ ಎನ್ನುವುದಿಲ್ಲ. ಕಂಬಳಿಯ ಒಳಗಿಂದ ಬಂದಂತಿದೆ. ಎಂದರೆ ಕೆಳಗಿನ ಆವೃತ್ತಿಗಳು ಬರುತ್ತಿವೆ, ಮೇಲಿನವು ಬರುತ್ತಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಕನ್ನಡ ಅಕ್ಷರಮಾಲೆಯೇ ಸಾಕು. ಸ್ವರಗಳ ಮುಖ್ಯ ಶಕ್ತಿ ಸುಮಾರು 3,000 ಹರ್ಟ್ಸ್‌ನ ಒಳಗೇ ಇರುತ್ತದೆ. 'ಸ' ಎಂಬ ಸೀತ್ಕಾರದ ಶಕ್ತಿ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲಿದೆ. 'ಶ' ಅದಕ್ಕಿಂತ ಸ್ವಲ್ಪ ಕೆಳಗಿನಿಂದಲೇ ಶುರುವಾಗುತ್ತದೆ. ಹಳೆಯ ಸ್ಥಿರ ದೂರವಾಣಿ 300ರಿಂದ 3,400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು; ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ನಾನು ಸಸಿ, ಶಶಿ, ಹಸಿ, ಬಿಸಿ, ಬಿಚ್ಚಿ, ಹಚ್ಚಿ ಮುಂತಾದ ಇಪ್ಪತ್ತು ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಆ ಪೆಟ್ಟಿಗೆಯ ಮೂಲಕ ಕೇಳಿಸಿದೆ. ಕೊನೆಯ ಬೆಂಚಿನವರು ಬರೆದ ಉಕ್ತಲೇಖನದಲ್ಲಿ ತಪ್ಪಿದ್ದು ಬಹುತೇಕ ಈ ಅಕ್ಷರಗಳೇ. (ನಮ್ಮ ಕಡೆ ಮಾತಿನಲ್ಲೇ ಶ-ಸ ಬೇರೆ ಮಾಡದವರು ಹಲವರಿದ್ದಾರೆ, ಆದ್ದರಿಂದ ಅದೇ ಪದಗಳನ್ನು ನೇರವಾಗಿ ಬಾಯಲ್ಲಿ ಹೇಳಿಯೂ ಬರೆಸಿ, ಎರಡನ್ನೂ ಹೋಲಿಸಬೇಕು.) ಮಂಕಾದ ಸ್ಪೀಕರಿನಲ್ಲಿ ಸಂಗೀತವಾದರೆ ಸುಖ ಕಡಿಮೆಯಾಗಬಹುದು ಅಷ್ಟೆ. ಭಾಷಾ ಪಾಠದಲ್ಲಾದರೆ ಅಕ್ಷರವೇ ಕಾಣೆಯಾಗುತ್ತದೆ.

ಇಲ್ಲೊಂದು ಮಾತು. ಧ್ವನಿ ಮಂಕಾಗಿದೆಯೇ ಎಂದು ತೀರ್ಮಾನಿಸಲು ಮಕ್ಕಳ ಕಿವಿಯೇ ಒಳ್ಳೆಯದು. ವಯಸ್ಸಾದಂತೆ ಮೇಲಿನ ಆವೃತ್ತಿಗಳು ಕೇಳಿಸುವುದು ಕಡಿಮೆಯಾಗುತ್ತದೆ. ಮೊಬೈಲ್ ಆ್ಯಪಿನಿಂದ 12,000 ಹರ್ಟ್ಸ್‌ನ ನಾದ ಹೊರಡಿಸಿದಾಗ ಇಡೀ ತರಗತಿ ಕೈಯೆತ್ತಿತು. ನಿವೃತ್ತಿ ಹತ್ತಿರವಿರುವ ನಮ್ಮ ಮಾರ್ಗದರ್ಶಿ ಶಿಕ್ಷಕರು, "ಏನೂ ಬರ್ತಾ ಇಲ್ವಲ್ಲಮ್ಮ, ಆನ್ ಮಾಡಿದೀಯಾ?" ಎಂದು ಕೇಳಿದರು. ಮಕ್ಕಳು ನಕ್ಕರು, ಅವರೂ ನಕ್ಕರು. ಇಂಥ ನಾದವನ್ನು ಸ್ಪೀಕರಿನಲ್ಲಿ ಕೇಳಿಸುವುದಾದರೆ ತೀರಾ ಸಣ್ಣ ಧ್ವನಿಯಲ್ಲಿ, ಒಂದೆರಡು ಸೆಕೆಂಡು ಮಾತ್ರ. ಜೋರಾಗಿ ಬಹಳ ಹೊತ್ತು ಬಿಟ್ಟರೆ ಟ್ವೀಟರಿನ ತೆಳು ಸುರುಳಿ ಸುಟ್ಟುಹೋಗುತ್ತದೆ.

ಪೆಟ್ಟಿಗೆಯೊಳಗೆ ಏನಿದೆ

ಮುಂಭಾಗದ ಬಟ್ಟೆ ತೆಗೆದರೆ ಎರಡು ಸ್ಪೀಕರ್ ಕಾಣುತ್ತವೆ. ದೊಡ್ಡದು ವೂಫರ್, ಕೆಳಗಿನ ಆವೃತ್ತಿಗಳಿಗೆ. ಸಣ್ಣದು ಟ್ವೀಟರ್, ಮೇಲಿನವುಗಳಿಗೆ. ಎರಡರ ತತ್ತ್ವವೂ ಒಂದೇ. ಶಾಶ್ವತ ಕಾಂತದ ಕಿರಿದಾದ ಸಂದಿಯಲ್ಲಿ ಒಂದು ತಂತಿಸುರುಳಿ ಇರುತ್ತದೆ, ಅದಕ್ಕೆ ಕಾಗದದ ಶಂಕು ಅಥವಾ ಸಣ್ಣ ಗುಮ್ಮಟ ಅಂಟಿಕೊಂಡಿರುತ್ತದೆ. ಸುರುಳಿಯಲ್ಲಿ ಪ್ರವಾಹ ದಿಕ್ಕು ಬದಲಿಸಿದಂತೆಲ್ಲ ಬಲದ ದಿಕ್ಕೂ ಬದಲಾಗಿ ಶಂಕು ಮುಂದಕ್ಕೂ ಹಿಂದಕ್ಕೂ ಓಡುತ್ತದೆ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮೂಲ ರಚನೆ ಇಂದಿಗೂ ಅದೇ.

1.5 ವೋಲ್ಟಿನ ಒಂದು ಸೆಲ್ಲನ್ನು ವೂಫರಿನ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿದರೆ ಶಂಕು 'ಟಪ್' ಎಂದು ಹೊರಗೆ ಬರುತ್ತದೆ. ಸೆಲ್ ತಿರುಗಿಸಿ ಮುಟ್ಟಿಸಿದರೆ ಒಳಗೆ ಹೋಗುತ್ತದೆ. ಎಡಗೈ ನಿಯಮವನ್ನು ನಾನು ಇದಾದ ಮೇಲೆ ಹೇಳಿದೆ, ಮೊದಲಲ್ಲ. ಕೈಬೆರಳುಗಳನ್ನು ಹೇಗೆ ಹಿಡಿಯಬೇಕೆಂದು ಅವರೇ ಚರ್ಚಿಸತೊಡಗಿದರು, ಏಕೆಂದರೆ ಉತ್ತರ ಕಣ್ಣೆದುರಿಗಿತ್ತು.

'ಧ್ವನಿವರ್ಧಕ' ಎಂಬ ಪದದಿಂದ ಒಂದು ಗೊಂದಲವಿದೆ. ಧ್ವನಿಯನ್ನು ವರ್ಧಿಸುವುದು ಸ್ಪೀಕರ್ ಎಂದು ಮಕ್ಕಳು ತಿಳಿಯುತ್ತಾರೆ. ವರ್ಧಿಸುವುದು ಆಂಪ್ಲಿಫೈಯರ್, ಸ್ಪೀಕರ್ ವಿದ್ಯುತ್ತನ್ನು ಧ್ವನಿಯಾಗಿ ಬದಲಿಸುತ್ತದೆ ಅಷ್ಟೆ. ದೋಷ ಹುಡುಕುವಾಗ ಈ ವ್ಯತ್ಯಾಸ ಮುಖ್ಯ, ಹಾಗಾಗಿ ಪಾಠದಲ್ಲಿ ನಾನು 'ಸ್ಪೀಕರ್' ಎಂದೇ ಬಳಸಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರತಿ ಪರೀಕ್ಷೆಗೆ ಮೊದಲು ಮಕ್ಕಳು ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಪರೀಕ್ಷೆಯ ನಂತರ ಅಳಿಸಬಾರದು ಎಂಬುದು ನಮ್ಮ ಕಟ್ಟಲೆ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ಬರೆದದ್ದು 'ಕಾಂತದ ಶಕ್ತಿ ಹೋಗಿದೆ' ಎಂದು. ಸಹಜವೇ, ಪಾಠ ಕಾಂತದ್ದು. ಹಾಗಿದ್ದರೆ ಎಲ್ಲ ಆವೃತ್ತಿಗಳೂ ಕುಗ್ಗಬೇಕಿತ್ತಲ್ಲ, ಕೆಳಗಿನವು ಚೆನ್ನಾಗಿವೆಯಲ್ಲ ಎಂದು ನಾನು ಕೇಳಿದೆ. ಅದಕ್ಕೆ ಒಬ್ಬಳು, "ಕಾಂತ ಎರಡಿದಾವಲ್ಲ ಮಿಸ್, ಸಣ್ಣದರದ್ದು ಮಾತ್ರ ಹೋಗಿರಬಹುದು" ಎಂದಳು. ತರ್ಕದಲ್ಲಿ ತಪ್ಪೇನೂ ಇಲ್ಲ. ಸ್ಪೀಕರಿನಲ್ಲಿ ಬಳಸುವ ಫೆರೈಟ್ ಕಾಂತಗಳು ಕೋಣೆಯಲ್ಲಿ ಸುಮ್ಮನೆ ಇದ್ದು ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು.

ಹುಡುಕಾಟ ಪೆಟ್ಟಿಗೆಯ ಹೊರಗಿನಿಂದ ಶುರುವಾಗಬೇಕು. ಆಂಪ್ಲಿಫೈಯರಿನ ಟ್ರೆಬಲ್ ಗುಂಡಿ ನಡುವೆ ಇದೆಯೇ ನೋಡಿದೆವು. ಒಬ್ಬ ಹುಡುಗ ಮನೆಯಿಂದ ಹಳೆಯ ಟೇಪ್‌ರೆಕಾರ್ಡರಿನ ಸ್ಪೀಕರ್ ತಂದಿದ್ದ. ಅದನ್ನು ಅದೇ ವೈರಿಗೆ ಸಿಕ್ಕಿಸಿದಾಗ 'ಸಸಿ' ಸ್ಪಷ್ಟವಾಗಿ ಕೇಳಿತು. ಅಲ್ಲಿಗೆ ಮೊಬೈಲ್, ಆಂಪ್ಲಿಫೈಯರ್, ವೈರು ಮೂರೂ ನಿರಪರಾಧಿಗಳು. ಐದು ನಿಮಿಷದ ಈ ಕೆಲಸ ಬಿಟ್ಟು ನೇರ ಪೆಟ್ಟಿಗೆ ಬಿಚ್ಚುವವರೇ ಹೆಚ್ಚು. ಒಂದು ಎಚ್ಚರಿಕೆ: ವೈರು ಬದಲಿಸುವಾಗಲೆಲ್ಲ ಆಂಪ್ಲಿಫೈಯರ್ ಆಫ್ ಆಗಿರಬೇಕು. ಸ್ಪೀಕರಿನ ಎರಡು ವೈರು ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರೇ ಹೋಗಬಹುದು. ಆಂಪ್ಲಿಫೈಯರಿನ ಮುಚ್ಚಳವನ್ನಂತೂ ತರಗತಿಯಲ್ಲಿ ತೆಗೆಯಲೇಬಾರದು. ಮೇನ್ಸ್ ವಿದ್ಯುತ್ ಮಕ್ಕಳ ಕೈಗೆ ಸಿಗುವ ಯಾವ ಪ್ರಯೋಗವೂ ಬೇಡ.

ಆಮೇಲೆ ಜೋಡಣೆಯ ತುದಿಗಳು. ಮಲೆನಾಡಿನ ತೇವಕ್ಕೆ ತಾಮ್ರದ ವೈರಿನ ತುದಿ ಕಪ್ಪಾಗಿ, ಹಿತ್ತಾಳೆಯ ಕ್ಲಿಪ್ಪು ಹಸಿರು ಹಿಡಿದಿತ್ತು. ವೈರಿನ ತುದಿ ಕತ್ತರಿಸಿ ಹೊಸದಾಗಿ ಸುಲಿದೆವು, ಕ್ಲಿಪ್ಪನ್ನು ನಯವಾದ ಮರಳು ಕಾಗದದಿಂದ ಉಜ್ಜಿದೆವು. ಧ್ವನಿ ತುಸು ಜೋರಾಯಿತು, ಮಂಕು ಹೋಗಲಿಲ್ಲ. ಇದೂ ಒಂದು ಫಲಿತಾಂಶವೇ ಎಂದು ಬರೆಸಿದೆ.

ಪೆಟ್ಟಿಗೆಗಳಿಗೆ 'ಅ' ಮತ್ತು 'ಆ' ಎಂದು ಚೀಟಿ ಅಂಟಿಸಿದ್ದೆವು. ಎರಡರ ಹಿಂಬದಿಯಲ್ಲೂ ಟ್ವೀಟರಿನ ಮಟ್ಟ ಹೆಚ್ಚು ಕಡಿಮೆ ಮಾಡುವ ಸಣ್ಣ ಗುಂಡಿಯಿತ್ತು. ಇದರೊಳಗೆ ಸುತ್ತಿದ ತಂತಿಯ ಮೇಲೆ ಒಂದು ಲೋಹದ ನಾಲಿಗೆ ಜಾರುತ್ತದೆ. ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಸಂಪರ್ಕದ ಜಾಗದಲ್ಲಿ ಆಕ್ಸೈಡ್ ಪದರ ಕೂತು ರೋಧ ಹೆಚ್ಚುತ್ತದೆ, ಟ್ವೀಟರಿಗೆ ಪ್ರವಾಹ ಹೋಗುವುದಿಲ್ಲ. ಆಂಪ್ಲಿಫೈಯರ್ ಆಫ್ ಮಾಡಿ, ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂವತ್ತು ಸಲ ತಿರುಗಿಸಲು ಹೇಳಿದೆ. ಬೇರೆ ಏನೂ ಮಾಡಲಿಲ್ಲ. 'ಅ' ಪೆಟ್ಟಿಗೆ ಕಂಬಳಿ ತೆಗೆದು ಮಾತನಾಡಿತು! ಮಕ್ಕಳ ಕೇಕೆಗೆ ಪಕ್ಕದ ತರಗತಿಯ ಶಿಕ್ಷಕರು ಬಂದು ನೋಡಿದರು. ಇಷ್ಟರಿಂದ ಸಾಲದಿದ್ದರೆ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮತ್ತೆ ತಿರುಗಿಸಬೇಕು.

'ಆ' ಪೆಟ್ಟಿಗೆ ಬದಲಾಗಲಿಲ್ಲ. ಆಗ ಕಪ್ಪುಹಲಗೆಯ ಮೂಲೆಯ ಪ್ರಶ್ನೆಗೆ ಮರಳಿದೆವು. 'ಆ' ಪೆಟ್ಟಿಗೆಯ ಟ್ವೀಟರನ್ನು ಬಿಚ್ಚಿ, 'ಅ' ಪೆಟ್ಟಿಗೆಯ ಟ್ವೀಟರಿಗೆ ಹೋಗುವ ವೈರುಗಳಿಗೆ ಜೋಡಿಸಿದೆವು. ಅದು ಚೆನ್ನಾಗಿಯೇ ನುಡಿಯಿತು. ಹಾಗಾದರೆ ಅದರ ಕಾಂತವೂ ಸರಿ, ಸುರುಳಿಯೂ ಸರಿ. ಪ್ರಶ್ನೆ ಎತ್ತಿದ ಹುಡುಗಿ ತಾನೇ ಎದ್ದು ಹೋಗಿ ಅದರ ಪಕ್ಕದಲ್ಲಿ 'ಅಲ್ಲ' ಎಂದು ಬರೆದಳು. ಟ್ವೀಟರೇ ಕೆಟ್ಟಿದ್ದರೆ ಈ ಅದಲುಬದಲಿನಲ್ಲಿ ಮಂಕೂ ಅದರ ಜೊತೆಗೇ ಹೋಗುತ್ತಿತ್ತು. ಈಗ ಉಳಿದದ್ದು ಟ್ವೀಟರಿಗಿಂತ ಹಿಂದಿನ ಭಾಗ, ಕ್ರಾಸ್‌ಓವರ್ ಎಂಬ ಸಣ್ಣ ಹಲಗೆ ಮಾತ್ರ.

ಕೆಪಾಸಿಟರ್ ಎಂಬ ಬಾಗಿಲು

ಕ್ರಾಸ್‌ಓವರಿನಲ್ಲಿ ಟ್ವೀಟರಿನೊಂದಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಹತ್ತನೆಯ ತರಗತಿಯ ಪಠ್ಯದಲ್ಲಿ ಅದಿಲ್ಲ, ಪಿಯುಸಿಗೆ ಬರುತ್ತದೆ. "ಇದನ್ನು ಹೇಳ್ಲೇಬೇಕಾ?" ಎಂದು ಮಾರ್ಗದರ್ಶಿ ಶಿಕ್ಷಕರು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಹುಡುಕಾಟವನ್ನು ಈ ಹೊಸ್ತಿಲಲ್ಲಿ ನಿಲ್ಲಿಸಿದರೆ 'ಮುಂದಿನದು ನಿಮಗೆ ಅರ್ಥವಾಗುವುದಿಲ್ಲ' ಎಂದ ಹಾಗಾಗುತ್ತದೆ ಎಂದು ನನಗನಿಸಿತು. ಸೂತ್ರ ಬಿಟ್ಟು ಗುಣ ಮಾತ್ರ ಹೇಳಿದೆ: ಇದು ಪರ್ಯಾಯ ವಿದ್ಯುತ್ತಿಗೆ ತೆರೆಯುವ ಬಾಗಿಲು. ಪ್ರವಾಹ ಎಷ್ಟು ಬೇಗ ಬೇಗ ದಿಕ್ಕು ಬದಲಿಸುತ್ತದೋ ಬಾಗಿಲು ಅಷ್ಟು ಅಗಲ. ನೇರ ವಿದ್ಯುತ್ತಿಗೆ ಮುಚ್ಚಿರುತ್ತದೆ. ಆದ್ದರಿಂದ ಕೆಳಗಿನ ಆವೃತ್ತಿಗಳು ಸೂಕ್ಷ್ಮವಾದ ಟ್ವೀಟರನ್ನು ತಲುಪುವುದಿಲ್ಲ. ಸೆಲ್ ಮುಟ್ಟಿಸಿ ತೋರಿಸಿದೆವು: ಕೆಪಾಸಿಟರ್ ಮೂಲಕ ಟ್ವೀಟರಿನಲ್ಲಿ ಒಂದೇ ಒಂದು 'ಟಕ್', ಆಮೇಲೆ ಮೌನ.

ಹಳೆಯ ಪೆಟ್ಟಿಗೆಗಳಲ್ಲಿ ಈ ಜಾಗದಲ್ಲಿ ಧ್ರುವರಹಿತ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರುವುದು ಸಾಮಾನ್ಯ. ಅದರೊಳಗಿನ ದ್ರಾವಣ ವರ್ಷಗಳಲ್ಲಿ ಒಣಗುತ್ತದೆ. ಆಗ ಸಾಮರ್ಥ್ಯ ಕುಗ್ಗುತ್ತದೆ, ಒಳರೋಧ ಹೆಚ್ಚುತ್ತದೆ. ನಮ್ಮದರ ಮೇಲೆ 4.7 ಮೈಕ್ರೊಫ್ಯಾರಡ್ ಎಂದು ಮುದ್ರಿಸಿತ್ತು. ಒಂದು ಕಾಲಿನ ಬೆಸುಗೆ ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆದಾಗ 2.6 ಬಂತು. (ಬೆಸುಗೆ ಬಿಡಿಸದೆ ಅಳೆದರೆ ಟ್ವೀಟರಿನ ಸುರುಳಿಯೂ ಸೇರಿ ಮೀಟರ್ ಏನೇನೋ ತೋರಿಸುತ್ತದೆ.)

ಲೆಕ್ಕ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿದೆ, ತರಗತಿಗಲ್ಲ. 4,000 ಹರ್ಟ್ಸ್‌ನಲ್ಲಿ 4.7 ಮೈಕ್ರೊಫ್ಯಾರಡ್ ಒಡ್ಡುವ ಅಡ್ಡಿ ಸುಮಾರು 8.5 ಓಮ್, 2.6 ಒಡ್ಡುವುದು ಸುಮಾರು 15.3 ಓಮ್. ಟ್ವೀಟರನ್ನು ಸರಳವಾಗಿ 8 ಓಮಿನ ರೋಧವೆಂದು ಹಿಡಿದು ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ, ಒಟ್ಟು ಅಡ್ಡಿ ಮೊದಲಿಗೆ 11.7, ಈಗ 17.3 ಓಮ್. ಪ್ರವಾಹ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಪ್ರವಾಹದ ವರ್ಗಕ್ಕೆ ಅನುಗುಣವಾದ ಶಕ್ತಿ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಟ್ವೀಟರ್ ಪೂರ್ತಿಯಾಗಿ ದನಿಗೂಡುವ ಗಡಿಯೂ ಸುಮಾರು 4,200 ಹರ್ಟ್ಸ್‌ನಿಂದ 7,600ಕ್ಕೆ ಏರಿಬಿಟ್ಟಿದೆ. 'ಸ' ಕಾರದ ಮುಖ್ಯ ಪಾಲು ಈ ನಡುವಿನ ಜಾಗದಲ್ಲೇ ಇದೆ. ಒಳರೋಧದಿಂದಾಗುವ ನಷ್ಟ ಇದರ ಮೇಲಿನ ಲೆಕ್ಕ.

ಕೆಲವೊಮ್ಮೆ ಮೀಟರ್ 4.5 ಎಂದು ತೋರಿಸಿದರೂ ಒಳರೋಧ ಹೆಚ್ಚಾಗಿ ಧ್ವನಿ ಮಂಕೇ ಇರುತ್ತದೆ. ಅಂಥ ಕಡೆ ಅಳತೆಯನ್ನು ನಂಬದೆ, ಹಳೆಯದರ ಜಾಗದಲ್ಲಿ ಹೊಸದನ್ನು ತಾತ್ಕಾಲಿಕವಾಗಿ ಜೋಡಿಸಿ ಕೇಳುವುದೇ ಮೇಲು. ಹಾಕುವುದು ಧ್ರುವರಹಿತದ್ದೇ ಆಗಿರಬೇಕು, ಅಥವಾ ಫಿಲ್ಮ್ ಮಾದರಿಯದು. ಪಟ್ಟೆಯ ಮೇಲೆ ಋಣ ಚಿಹ್ನೆ ಇರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಇಲ್ಲಿ ನಡೆಯದು, ಏಕೆಂದರೆ ಪ್ರವಾಹ ಎರಡೂ ದಿಕ್ಕಿಗೆ ಹರಿಯುತ್ತದೆ. ಸರಿಯಾದ ಬೆಲೆ ಸಿಗದಿದ್ದರೆ 3.3 ಮತ್ತು 1.5ರ ಎರಡನ್ನು ಸಮಾಂತರವಾಗಿ ಸೇರಿಸಿದರೆ 4.8 ಆಗುತ್ತದೆ, ಅಷ್ಟು ಸಾಕು. ವಯಸ್ಸು ಎರಡಕ್ಕೂ ಒಂದೇ ಆದ್ದರಿಂದ 'ಅ' ಪೆಟ್ಟಿಗೆಯದನ್ನೂ ಬದಲಿಸಿದೆವು. ಬೆಸುಗೆಯನ್ನು ನಾನೇ ಹಾಕಿದೆ, ಮಕ್ಕಳು ದೂರದಿಂದ ನೋಡಿದರು. ಖರ್ಚು ನೂರು ರೂಪಾಯಿಯ ಒಳಗೇ ಮುಗಿಯಿತು.

ಎರಡನ್ನೂ ಒಟ್ಟಿಗೆ ಜೋಡಿಸಿದಾಗ ಹೊಸದೊಂದು ತೊಂದರೆ: ಸ್ಪಷ್ಟತೆ ಇದೆ, ತೂಕವಿಲ್ಲ. ಧ್ವನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಒಂದು ಪೆಟ್ಟಿಗೆಯ ವೈರು ಹಿಂದುಮುಂದಾಗಿ ಸಿಕ್ಕಿಕೊಂಡಿದ್ದರೆ ಹೀಗಾಗುತ್ತದೆ. ಒಂದರ ಶಂಕು ಹೊರಬರುವಾಗ ಇನ್ನೊಂದರದ್ದು ಒಳಹೋಗಿ ಕೆಳಗಿನ ಆವೃತ್ತಿಗಳು ಪರಸ್ಪರ ರದ್ದಾಗುತ್ತವೆ. ಕಾರಣ ಮಕ್ಕಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆಲ್ಲಿನ ಪರೀಕ್ಷೆ ಅವರೇ ಮಾಡಿ ಸರಿಪಡಿಸಿದರು.

ನಮ್ಮಲ್ಲಿ ಕಾಣದ, ಬೇರೆಡೆ ಕಾಣಬಹುದಾದ ದೋಷಗಳು ಕೆಲವಿವೆ. ವೂಫರಿನ ಅಂಚು ಫೋಮಿನದಾದರೆ ತೇವಕ್ಕೆ ಪುಡಿಪುಡಿಯಾಗುತ್ತದೆ. ಆಗ ಹೋಗುವುದು ಕೆಳಗಿನ ಆವೃತ್ತಿಗಳು, ಜೊತೆಗೆ ಪಟಪಟ ಸದ್ದು. ನಮ್ಮದು ಬಟ್ಟೆಯ ಅಂಚು, ಉಳಿದಿತ್ತು. ಎರಡೂ ಕೈಗಳ ಬೆರಳುಗಳಿಂದ ಶಂಕನ್ನು ಸಮವಾಗಿ ಮೆಲ್ಲಗೆ ಒತ್ತಿದಾಗ ಕೆರೆಯುವ ಸದ್ದು ಬಂದರೆ ಕಾಂತದ ಸಂದಿಯಲ್ಲಿ ತುಕ್ಕು ಅಥವಾ ದೂಳು ಸೇರಿದೆ ಎಂದರ್ಥ, ಅದನ್ನು ರಿಪೇರಿಯವರಿಗೇ ಬಿಡಬೇಕು. ಕೆಲವು ಟ್ವೀಟರುಗಳ ಸಂದಿಯಲ್ಲಿ ಫೆರೊಫ್ಲೂಯಿಡ್ ಎಂಬ ಕಾಂತೀಯ ದ್ರವ ತುಂಬಿರುತ್ತಾರೆ. ಅದು ಗಟ್ಟಿಯಾದರೂ ಮಂಕು ಬರುತ್ತದೆ, ಆದರೆ ಅದಲುಬದಲಿನಲ್ಲಿ ಆ ಮಂಕು ಟ್ವೀಟರಿನ ಜೊತೆಗೇ ಹೋಗುತ್ತದೆ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ಓಮ್ ತೋರಿಸಿದರೆ ಗಾಬರಿ ಬೇಡ, ನೇರ ವಿದ್ಯುತ್ತಿನ ರೋಧ ಅಷ್ಟೇ ಇರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ. ಟ್ವೀಟರಿನ ಗುಮ್ಮಟವನ್ನು ಮಾತ್ರ ಮಕ್ಕಳ ಬೆರಳಿಗೆ ಕೊಡಬೇಡಿ. ಒಮ್ಮೆ ಒತ್ತಿದರೆ ಒಳಗೆ ಕುಸಿದುಬಿಡುತ್ತದೆ.

ಅದೇ ಇಪ್ಪತ್ತು ಪದಗಳ ಉಕ್ತಲೇಖನವನ್ನು ಕ್ರಮ ಬದಲಿಸಿ ಮತ್ತೆ ಮಾಡಿಸಿದೆ. ಕೊನೆಯ ಬೆಂಚಿನವರ ಬರಹ ಈ ಸಲ ಮುಂದಿನ ಬೆಂಚಿನವರದಕ್ಕೆ ಹೊಂದುತ್ತಿತ್ತು. ಉಳಿದ ತಪ್ಪುಗಳು ಕಾಗುಣಿತದವು, ಅವು ಸ್ಪೀಕರಿನ ಹೊಣೆಯಲ್ಲ. ಮುಖ್ಯೋಪಾಧ್ಯಾಯರು ಕೇಳಿ ನೋಡಿ, ಪಟ್ಟಿಯಿಂದ ಎರಡು ಪೆಟ್ಟಿಗೆಗಳ ಸಾಲನ್ನು ಹೊಡೆದುಹಾಕಿದರು.

ಈಗ ಅವು ನೆಲದ ಮೇಲಿಲ್ಲ, ಗೋಡೆಗೂ ತಾಗದೆ ಬೆಂಚಿನ ಮೇಲಿವೆ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ ಎಂದು ಹಳೆಯ ಹತ್ತಿ ಬಟ್ಟೆ ಹೊದಿಸಿದ್ದೇವೆ. ತಿಂಗಳಿಗೊಮ್ಮೆ ಅರ್ಧ ಗಂಟೆ ನುಡಿಸಿ, ಹಿಂದಿನ ಗುಂಡಿಯನ್ನು ಎರಡೂ ಕಡೆ ತಿರುಗಿಸುವ ಕೆಲಸ ಒಂಬತ್ತನೆಯ ತರಗತಿಯವರಿಗೆ ವಹಿಸಿದೆ, ಏಕೆಂದರೆ ಮುಂದಿನ ವರ್ಷವೂ ಶಾಲೆಯಲ್ಲಿರುವವರು ಅವರು. ಪ್ರತಿ ಪೆಟ್ಟಿಗೆಯ ಹಿಂದೆ ಕೆಪಾಸಿಟರಿನ ಬೆಲೆ, ಬದಲಿಸಿದ ದಿನಾಂಕ ಮತ್ತು ಕೆಂಪು ವೈರು ಯಾವ ತುದಿಗೆ ಎಂಬುದನ್ನು ಬರೆದ ಚೀಟಿ ಅಂಟಿಸಿದ್ದಾರೆ.